ನಾಲ್ಕನೇ ಜ್ವರ ಎದ್ದ ಮೇಲೆ

ನವೆಂಬರ್ 18, ಸೋಮವಾರ

ಮೂವತ್ತನಾಲ್ಕನೇ ವಯಸ್ಸಲ್ಲಿ ಡೈರಿ ಬರೆಯೋ ಕರ್ಮ ನಂದು. ಹೊಸಕೋಟೆಯಲ್ಲಿ ನಾನು ಕೆಲಸ ಮಾಡೋ ಗೋಡೌನು ಬೇರೆ ಜಾಗಕ್ಕೆ ಹೋಗ್ತಿದೆ, ನಮಗೆಲ್ಲ ಡಿಸೆಂಬರ್ ಕೊನೇವರೆಗೆ ರಜೆ. ಸುಮ್ಮನೆ ರಜೆ ಕೊಟ್ಟುಬಿಟ್ಟರೆ ಕಂಪನಿಯವರಿಗೆ ಹೊಟ್ಟೆಯುರಿ ಅಲ್ವಾ, ಅದಕ್ಕೆ ಇವತ್ತು ಒಬ್ಬ ತರಬೇತಿಯವನನ್ನ ಕರೆಸಿದ್ದರು. ಬಿಳೀ ಶೂ, ಕಿವಿಗೆ ಸಿಕ್ಕಿಸಿದ ಮೈಕು. "ಈಗ ಎಲ್ಲಾ ಬೆರಳ ತುದೀಲಿ ಸಿಗುತ್ತೆ, ಅದಕ್ಕೇ ನಾವೆಲ್ಲ ಮೆತ್ತಗಾಗಿದ್ದೀವಿ. ಕಷ್ಟದ ವಿದ್ಯೆ ಒಂದನ್ನ ಹಿಡೀರಿ. ದಿನಾ ಮಾಡಿ, ದಿನಾ ಬರೀರಿ. ತಿಂಗಳು ಕಳೆಯೋದ್ರಲ್ಲಿ ನೀವು ಬೇರೆ ಮನುಷ್ಯ ಆಗಿರ್ತೀರಿ" ಅಂದ. ಆಮೇಲೆ ಒಬ್ಬೊಬ್ಬರೇ ಎದ್ದು ಏನು ಕಲೀತೀವಿ ಅಂತ ಹೇಳಬೇಕಂತೆ.

ನವೀನ್‌ಕುಮಾರ್ ಗಿಟಾರ್ ಅಂದ. ಶಾಮಲಾ ಮೇಡಂ ಇಪ್ಪತ್ತೊಂದು ಕಿಲೋಮೀಟರ್ ಓಡ್ತೀನಿ ಅಂದ್ರು. ನನ್ನ ಸರದಿ ಬಂದಾಗ ಬಾಯಿಂದ "ರೇಷ್ಮೆ ಹುಳ ಸಾಕ್ತೀನಿ" ಅಂತ ಬಂದುಬಿಡ್ತು. ಎಲ್ಲಾ ಘೊಳ್ಳಂತ ನಕ್ಕರು. ಯಾಕೆ ಹಂಗಂದೆನೋ ನನಗೇ ಗೊತ್ತಿಲ್ಲ. ಚೆಸ್ಸು ಅಂದಿದ್ದರೆ ಮುಗೀತಿತ್ತು.

ಮನೆಗೆ ಬಂದು ಊಟಕ್ಕೆ ಕೂತಾಗ ಹೇಳಿದೆ. ಅಪ್ಪನ ಕೈ ಮುದ್ದೆ ಮೇಲೇ ನಿಂತುಹೋಯ್ತು. ಅಮ್ಮ ಎದ್ದು ಒಳಗೆ ಹೋದಳು. ನಮ್ಮ ಹುಳದ ಮನೆ ಬಾಗಿಲು ಹಾಕಿ ಎರಡು ವರ್ಷ ಆಯ್ತು. ನನ್ನ ತಮ್ಮ ಕೆಂಪರಾಜ ತೀರಿಹೋದಾಗಿಂದ.

ಬಿಂದು ಮಾತ್ರ ನಕ್ಕಳು. "ಹಾಲಿನವನು ಬಂದು ಹಾರ್ನ್ ಹೊಡೆದ್ರೂ ಏಳಲ್ಲ ನೀವು. ಹುಳಕ್ಕೆ ಬೆಳಿಗ್ಗೆ ಆರಕ್ಕೆ ಸೊಪ್ಪು ಹಾಕ್ತೀರಾ?"

ಹಾಕ್ತೀನಿ ಕಣೇ, ನೋಡ್ತಿರು ಅಂದೆ. ಹೆಂಡತಿ ಮುಂದೆ ಅಂದಿದ್ದನ್ನ ಮಾಡಲೇಬೇಕಲ್ಲ ಈಗ.

ನವೆಂಬರ್ 20, ಬುಧವಾರ

ಅಪ್ಪನ್ನ ಕೇಳಿದೆ. "ಏನಾರಾ ಮಾಡ್ಕೊ. ನಾನ್ ಒಳಕ್ ಬರಲ್ಲ" ಅಂದ, ಅಷ್ಟೇ. ನಮ್ಮಪ್ಪ ವೆಂಕಟರಾಯಪ್ಪನ ರೇಷ್ಮೆ ಗೂಡು ಅಂದ್ರೆ ಒಂದು ಕಾಲದಲ್ಲಿ ಸೂಲಿಬೆಲೆ ಸುತ್ತಮುತ್ತ ಹೆಸರಿತ್ತು. ಈಗ ನಮ್ಮ ತೋಟದ ರೇಷ್ಮೆ ಸೊಪ್ಪನ್ನ ಪಕ್ಕದ ಜಮೀನಿನ ದೊಡ್ಡಮುನಿಯಪ್ಪ ಕೊಯ್ಕೊಂಡು ಹೋಗ್ತಾನೆ, ಅಪ್ಪ ಜಗಲಿ ಮೇಲೆ ಕೂತು ನೋಡ್ತಿರ್ತಾನೆ.

ಆ ದೊಡ್ಡಮುನಿಯಪ್ಪ ತಾತನ್ನೇ ಗುರು ಮಾಡ್ಕೊಂಡೆ. ವಯಸ್ಸು ಎಪ್ಪತ್ತು ದಾಟಿದೆ, ಬಾಯಿ ಮಾತ್ರ ಇಪ್ಪತ್ತು. ಹುಳದ ಮನೆ ಬಾಗಿಲು ತೆಗೆದಾಗ ಒಳಗೆ ಜೇಡರ ಬಲೆ, ಇಲಿ ಹಿಕ್ಕೆ. ಉದ್ದನೆ ಮನೆ, ತಗಡಿನ ಸೂರು, ಮಧ್ಯದಲ್ಲಿ ನಾಲ್ಕು ಅಂತಸ್ತಿನ ಕಬ್ಬಿಣದ ಸ್ಟ್ಯಾಂಡು ಮೂರು. ಇಡೀ ದಿನ ಬ್ಲೀಚಿಂಗ್ ನೀರು ಹೊಡೆದು ತೊಳೆದೆ. ಕಣ್ಣಲ್ಲಿ ನೀರು ಸುರೀತಿತ್ತು.

ತಾತ ಬಾಗಿಲಲ್ಲಿ ನಿಂತು ಹೇಳ್ತಾ ಹೋದ. "ಮಿಂದೇ ಒಳಕ್ ಹೋಗ್ಬೇಕು. ಬಾಗಿಲಲ್ಲಿ ಬ್ಲೀಚಿಂಗ್ ನೀರಲ್ಲಿ ಕಾಲ್ ಅದ್ಬೇಕು. ಸಾವಿನ ಮನೆಗ್ ಹೋದೋನು ಹತ್ರ ಸುಳೀಬಾರ್ದು. ಬೀಡಿ, ಸೆಂಟು, ಸೊಳ್ಳೆ ಬತ್ತಿ..." ಅಲ್ಲಿಗೆ ನಾಲಿಗೆ ಕಚ್ಕೊಂಡ. ಜಗಲಿ ಕಡೆ ನೋಡಿದ. ಅಪ್ಪನಿಗೆ ಕೇಳಿಸಿರಲಿಲ್ಲ ಅನ್ಸುತ್ತೆ.

ಎಲ್ಲಾ ಮೊಬೈಲಲ್ಲಿ ಬರ್ಕೊಂಡೆ. ಸೊಳ್ಳೆ ಬತ್ತಿ ಒಂದನ್ನ ಬರ್ಕೊಳ್ಳಲಿಲ್ಲ. ಅದು ನನಗೆ ಗೊತ್ತು.

ನವೆಂಬರ್ 25, ಸೋಮವಾರ

ಹುಳ ಬಂದವು. ಎರಡನೇ ಜ್ವರ ಎದ್ದ ಮರಿಗಳು. ಹುಳ ಹೊಟ್ಟೆ ತುಂಬಾ ತಿಂದು, ಮೇಯೋದು ಬಿಟ್ಟು, ತಲೆ ಎತ್ಕೊಂಡು ಒಂದು ದಿನ ಅಲ್ಲಾಡದೆ ಮಲಗಿ ಹಳೇ ಚರ್ಮ ಕಳಚುತ್ತಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ನಾಲ್ಕು ಸಲ ಜ್ವರ ಬಂದು ಏಳಬೇಕು, ಆಮೇಲೇ ಗೂಡು.

ಅಕ್ಕಿಕಾಳಿಗಿಂತ ಒಂಚೂರು ಉದ್ದ ಇದ್ದಾವೆ ಅಷ್ಟೇ. ಇಷ್ಟು ಸಣ್ಣದಕ್ಕೆ ಇಷ್ಟೊಂದು ಮಡಿ ಮೈಲಿಗೆ.

ಮೂರು ಹೊತ್ತು ಸೊಪ್ಪು: ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಎಂಟು. ಮಧ್ಯಾಹ್ನದ್ದು ಎರಡೂವರೆ ಆಯ್ತು. ತಾತ ಕೇಳಿದ್ದಕ್ಕೆ ಎರಡಕ್ಕೇ ಹಾಕಿದೆ ಅಂತ ಬುರುಡೆ ಬಿಟ್ಟೆ.

ನವೆಂಬರ್ 26, ಮಂಗಳವಾರ

ಬೆಳಿಗ್ಗೆ ಸೊಪ್ಪು ಹಾಕ್ತಿದ್ದೆ. ಸ್ಟ್ಯಾಂಡಿನ ಈ ಕಡೆ ಹಾಕೊಂಡು ಹೋಗಿ, ಸುತ್ತಿ ಬಂದು ಆ ಕಡೆ ಹಾಕಬೇಕು. ಎರಡನೇ ಅಂತಸ್ತಿಗೆ ಬಂದಾಗ ಆ ಕಡೆ ಸರಸರ ಅಂತ ಸೊಪ್ಪು ಉದುರಿಸಿದ ಸದ್ದು. ನಾನು ಒಂದು ಹಿಡಿ ಹಾಕಿದರೆ ಅಲ್ಲೂ ಒಂದು ಹಿಡಿ. ನಿಲ್ಲಿಸಿದೆ, ಅದೂ ನಿಂತಿತು. ತಾತ ಇರಬೇಕು ಅಂತ ಬಗ್ಗಿ ನೋಡಿದೆ. ಯಾರೂ ಇಲ್ಲ.

ನಿದ್ದೆ ಸಾಲದೆ ಹಿಂಗಾಗ್ತಿದೆ ಅಂತ ಬರೆಯೋಣ ಅಂತ ಪೆನ್ನು ತಗೊಂಡೆ. ನನ್ನ ಹತ್ರಾನೇ ನಾನು ಯಾಕೆ ಬುರುಡೆ ಬಿಡ್ಲಿ? ಈ ಪುಸ್ತಕ ಯಾರೂ ಓದಲ್ಲ. ಬರೆದುಬಿಡ್ತೀನಿ.

ಎರಡು ವರ್ಷದ ಹಿಂದೆ, ಅಕ್ಟೋಬರು. ನಾಲ್ಕನೇ ಜ್ವರ ಎದ್ದು ಐದು ದಿನ ಆಗಿತ್ತು, ಇನ್ನೆರಡು ದಿನಕ್ಕೆ ಹುಳ ಹಣ್ಣಾಗಿ ಗೂಡು ಕಟ್ಟೋದ್ರಲ್ಲಿತ್ತು. ಬೆಳೆ ನೋಡ್ಕೊಳ್ತಿದ್ದೋನು ಕೆಂಪರಾಜ. "ಅಣ್ಣಾ, ಸೊಪ್ಪು ಕುಯ್ಕೊಂಡು ಬತ್ತೀನಿ, ಒಸಿ ಹೊತ್ತು ಒಳಗಿರು. ಇರುವೆ ಹತ್ತದಂಗೆ ನೋಡ್ಕೊ" ಅಂತ ಹೋದ. ನಾನು ಗೋಣಿಚೀಲದ ಮೇಲೆ ಬಿದ್ಕೊಂಡು ಮೊಬೈಲಲ್ಲಿ ಮ್ಯಾಚು ನೋಡ್ತಿದ್ದೆ. ಸೊಳ್ಳೆ ಕಾಟ. ಪಂಪ್‌ಸೆಟ್ ಮನೇಲಿ ಸೊಳ್ಳೆ ಬತ್ತಿ ಇತ್ತು, ತಂದು ಹಚ್ಚಿದೆ. ಹುಳದ ಮನೇಲೇ ಹುಟ್ಟಿ ಬೆಳೆದೋನಿಗೆ ಅದರ ಹೊಗೆ ಹುಳಕ್ಕೆ ವಿಷ ಅಂತ ಗೊತ್ತಿರಲಿಲ್ವಾ? ಗೊತ್ತಿತ್ತು. ಅರ್ಧ ಗಂಟೆಗೆ ಏನಾಗುತ್ತೆ ಅಂದ್ಕೊಂಡೆ. ಆರಿಸಿ, ಕಿಟಕಿ ತೆಗೆದು, ಗಾಳಿ ಆಡಿಸಿ ಮನೆಗೆ ಬಂದೆ.

ಸಂಜೆಗೆ ಹುಳ ತಲೆ ಎತ್ತಿ ಒದ್ದಾಡ್ತಾ ಹಸಿರು ನೀರು ಕಾರೋಕೆ ಶುರು ಮಾಡಿದವು. ಬೆಳಗಾಗೋದ್ರಲ್ಲಿ ಇಡೀ ಬೆಳೆ ಕಪ್ಪಾಗಿ ಬಿದ್ದಿತ್ತು. ಸ್ಟ್ಯಾಂಡಿನ ಕೆಳಗೆ ಬತ್ತಿ ಬೂದಿ ಅಪ್ಪನ ಕೈಗೆ ಸಿಕ್ಕಿತು. ನಾಲ್ಕು ಜನದ ಮುಂದೆ ಕೆಂಪರಾಜನ ಕೆನ್ನೆಗೆ ಹೊಡೆದ. "ನಾನಲ್ಲ ಅಪ್ಪಾ" ಅಂದ ಅವನು. "ಸುಳ್ ಬೇರೆ ಬೊಗಳ್ತೀಯಾ? ಇನ್ ಮ್ಯಾಕೆ ನನ್ ಕಣ್ಣಿಗ್ ಕಾಣಿಸ್ಕೋಬ್ಯಾಡ" ಅಂದ ಅಪ್ಪ.

ಕೆಂಪರಾಜ ಒಂದೇ ಸಲ ನನ್ನ ಕಡೆ ನೋಡಿದ. ಅವನಿಗೆ ಗೊತ್ತಾಯ್ತು. ನಾನು ಮೊಬೈಲ್ ತೆಗೆದು ನೋಡ್ದೆ. ಅದರಲ್ಲಿ ಏನೂ ಇರಲಿಲ್ಲ.

ಬೈಕ್ ತಗೊಂಡು ಹೋದ. ಹೊಸಕೋಟೆ ರಸ್ತೆಯಲ್ಲಿ ಲಾರಿ. ಇಪ್ಪತ್ತಾರು ವಯಸ್ಸು.

ಬತ್ತಿ ಹಚ್ಚಿದ್ದು ನಾನು ಅಂತ ಅಪ್ಪನಿಗೆ ಇವತ್ತಿನವರೆಗೂ ಹೇಳಿಲ್ಲ. ಯಾರಿಗೂ ಹೇಳಿಲ್ಲ.

ನವೆಂಬರ್ 29, ಶುಕ್ರವಾರ

ಮೂರನೇ ಜ್ವರ. ಹುಳ ಮೇಯೋ ಸದ್ದು ನಿಂತುಹೋಯ್ತು. ಇಷ್ಟು ದಿನ ಸಣ್ಣ ಮಳೆ ಹಿಡಿದಂಗೆ ಚಿರಿಚಿರಿ ಅಂತ ಕೇಳ್ತಾ ಇತ್ತು, ಅದು ಇದೆ ಅಂತಾನೇ ಗೊತ್ತಿರಲಿಲ್ಲ ನನಗೆ. ಈಗ ಮನೆ ಗವ್ವಂತಿದೆ. ಜ್ವರದಲ್ಲಿ ಹುಳಕ್ಕೆ ತೇವ ಆಗಬಾರದು, ಸುಣ್ಣದ ಪುಡಿ ಉದುರಿಸಿ ಬರೋಣ ಅಂತ ಹೋದೆ. ಆ ಕಡೆ ಉಸಿರಾಡೋ ಸದ್ದು ಕೇಳಿತು. ಅರ್ಧ ಉದುರಿಸಿ ಓಡಿಬಂದೆ, ಹೇಡಿ.

ತಾತ ಬಂದು ನೋಡಿ, "ಎಲ್ಲಾ ಕಡೆ ಸಮ ಉದುರ್ಸಿದ್ಯ ಕಣಪ್ಪಾ, ಪರವಾಗಿಲ್ಲ" ಅಂದ.

ನಾನು ಆ ಕಡೆ ಉದುರಿಸಿರಲಿಲ್ಲ.

ಡಿಸೆಂಬರ್ 3, ಮಂಗಳವಾರ

ಗೋಡೌನಿನವರ ವಾಟ್ಸಾಪ್ ಗ್ರೂಪಲ್ಲಿ ಎಲ್ಲಾ ಫೋಟೋ ಹಾಕ್ತಿದ್ದಾರೆ. ನವೀನ್‌ಕುಮಾರನ ಗಿಟಾರಿನ ತಂತಿ ಕಿತ್ತು ಒಂದು ವಾರ ಆಯ್ತಂತೆ, ಬೇರೆ ತಂತಿ ಬರೋವರೆಗೂ ಅವನ ಕಷ್ಟದ ವಿದ್ಯೆಗೆ ರಜೆ. ನನ್ನನ್ನೂ ಕೇಳಿದ್ರು. ಮೊಬೈಲ್ ಎಲ್ಲಿಟ್ಟಿದ್ದೀನಿ ಅಂತ ಎರಡು ದಿನದಿಂದ ಗೊತ್ತಿರಲಿಲ್ಲ, ಅಕ್ಕಿ ಡಬ್ಬದ ಮೇಲಿತ್ತು.

ಐದಕ್ಕೆ ತಾನಾಗೇ ಎಚ್ಚರ ಆಗುತ್ತೆ. ತಣ್ಣೀರು ಸುರ್ಕೊಂಡು, ಇಬ್ಬನಿ ಆರೋವರೆಗೆ ಕಾದು, ಸೊಪ್ಪಿನ ಕಡ್ಡಿ ಕುಯ್ದು ಹೊರೆ ಕಟ್ಟೋದು. ಬೆರಳೆಲ್ಲ ಸೀಳಿದೆ. ಇದರಲ್ಲಿ ಬರೆಯೋಕೇನಿಲ್ಲ.

ಮಧ್ಯಾಹ್ನ ಬಿಂದು ಊಟ ತಂದಿದ್ದಳು. ಬಾಗಿಲ ಹೊರಗೆ ಕೂತು ಉಣ್ತಾ ಉಣ್ತಾ ಹೇಳಿಬಿಟ್ಟೆ. ಬತ್ತಿ, ಮ್ಯಾಚು, ಕೆಂಪರಾಜ ನೋಡಿದ ನೋಟ, ಎಲ್ಲಾ. ಅವಳು ಕೈಲಿದ್ದ ಸೌಟನ್ನ ಪಾತ್ರೇಲಿ ಬಿಟ್ಟಳು. ಅಳ್ತಿದ್ದಳು. ಕೆಂಪರಾಜ ಅವಳಿಗೆ ಮೈದುನ ಅನ್ನೋದಕ್ಕಿಂತ ತಮ್ಮನೇ ಆಗಿದ್ದ.

"ಅಪ್ಪನಿಗೆ ಹೇಳಿಬಿಡ್ತೀನಿ" ಅಂದೆ.

"ಹೇಳಿ. ನಿಮಗೆ ಹಗುರ ಆಗುತ್ತೆ. ಮಾವನಿಗೆ?"

"ಕೆಂಪನ ಮೇಲಿರೋ ಸುಳ್ಳು ಹೋಗುತ್ತಲ್ಲ."

"ಸುಳ್ಳೇ ಮಾವನ್ನ ನಿಲ್ಲಿಸಿರೋದು ಕಣ್ರೀ. ತಪ್ಪು ಮಾಡಿದ ಮಗನ್ನ ಹೊಡೆದೆ ಅಂದ್ಕೊಂಡಿದ್ದಾರೆ. ತಪ್ಪೇ ಮಾಡದವನ್ನ ಹೊಡೆದು ಕಳಿಸಿದೆ ಅಂತ ಗೊತ್ತಾದ್ರೆ ಆ ಮನುಷ್ಯ ಉಳೀತಾರಾ?"

"ನಿಮ್ಮ ಜೊತೆ ಒಂದೆರಡು ದಿನ ಮಾತಾಡೋಕೆ ಆಗಲ್ಲ ನನಗೆ, ಬೇಜಾರು ಮಾಡ್ಕೋಬೇಡಿ" ಅಂತ ಹೇಳಿ ಪಾತ್ರೆ ಎತ್ಕೊಂಡು ಹೋದಳು.

ಹೇಳಬಾರದು ಅಂತ ತೀರ್ಮಾನ ಮಾಡಿದ್ದೀನಿ. ಎರಡು ಗಂಟೆ ಆಯ್ತು, ಸೊಪ್ಪು ಹಾಕಬೇಕು.

ಡಿಸೆಂಬರ್ 5, ಗುರುವಾರ

ನಾಲ್ಕನೇ ಜ್ವರ. ಇವತ್ತು ಏನೂ ಮಾಡಬಾರದು, ಅದೇ ಕೆಲಸ. ಕೆಲವು ಹುಳ ಆಗಲೇ ಎದ್ದು ತಲೆ ಆಡಿಸಿ ಸೊಪ್ಪು ಹುಡುಕ್ತಿವೆ. ಪಾಪ ಅನ್ನಿಸಿ ಒಂದು ಹಿಡಿ ಹಾಕೋಕೆ ಹೋದೆ. ತಾತ ಕೈ ಹಿಡ್ಕೊಂಡ.

"ಬ್ಯಾಡ. ಎಲ್ಲಾ ಎದ್ಮೇಲೇ ಸೊಪ್ಪು. ಮೊದ್ಲು ಎದ್ದೋವು ಹಸ್ಕೊಂಡಿರ್ಲಿ, ಸಾಯಾಕಿಲ್ಲ. ಈಗ ಹಾಕಿದ್ರೆ ಅವು ಮುಂದಕ್ಕೋಯ್ತವೆ, ಇವು ಹಿಂದುಳೀತವೆ, ಬೆಳೆ ಒಂದೇ ಸಮ ಬರಾಕಿಲ್ಲ."

"ಹುಳ ಬಂದ ದಿನ ಎರಡಕ್ಕೆ ಹಾಕಿದೆ ಅಂತ ನಿನಗೆ ಸುಳ್ಳು ಹೇಳಿದ್ದೆ ತಾತ. ಎರಡೂವರೆ ಆಗಿತ್ತು. ಹತ್ತು ದಿನದ ಹಿಂದೆ" ಅಂದೆ.

ತಾತ ನನ್ನ ಮುಖ ನೋಡಿ, "ಅದನ್ಯಾಕ್ಲಾ ಈಗ ಹೇಳ್ತೀಯ? ನಿಂಗೂ ಜ್ವರ ಬಂದದಾ?" ಅಂತ ನಕ್ಕ.

ಇಡೀ ಹಗಲು ಒಳಗೆ ಕೂತಿದ್ದೆ. ಸದ್ದೇ ಇಲ್ಲ. ಓಡಿ ಬರಲಿಲ್ಲ ಈ ಸಲ. ಆ ಕಡೆಯವನೂ ಸುಮ್ಮನೆ ಕೂತಿದ್ದ.

ಡಿಸೆಂಬರ್ 8, ಭಾನುವಾರ

ಹುಳ ಈಗ ಕಿರುಬೆರಳಷ್ಟಾಗಿವೆ. ತಿಂತಾವೆ ತಿಂತಾವೆ, ಎಷ್ಟು ಕುಯ್ದು ತಂದರೂ ಸಾಲದು. ಈ ಕಡೆ ನಾನು, ಆ ಕಡೆ ಅವನು. ಕಡ್ಡಿ ಹೊರೆ ಬಿಚ್ಚಿದ ತಕ್ಷಣ ಅರ್ಧ ಆ ಕಡೆಗೆ ಇಟ್ಟುಬಿಡ್ತೀನಿ. ಇಲ್ಲದಿದ್ದರೆ ಕೆಲಸ ಹೊತ್ತಿಗೆ ಸರಿಯಾಗಿ ಆಗಲ್ಲ.

ಬಿಂದು ಮಾತಾಡಿದಳು. ಉಪ್ಪು ಸಾಕಾ ಅಂತ.

ಡಿಸೆಂಬರ್ 10, ಮಂಗಳವಾರ

ಅಪ್ಪ ಬಂದ. ಬಾಗಿಲ ಹತ್ರ ನಿಂತಿದ್ದ, ಎಷ್ಟು ಹೊತ್ತಿಂದಲೋ. ನಾನು ತಿರುಗಿ ನೋಡಿದಾಗ ಬ್ಲೀಚಿಂಗ್ ನೀರಲ್ಲಿ ಕಾಲು ಅದ್ದಿ ಒಳಗೆ ಬಂದ. ಎರಡು ವರ್ಷ ಆದ್ಮೇಲೆ. ಒಂದು ಹುಳ ಎತ್ತಿ ಅಂಗೈ ಮೇಲೆ ಇಟ್ಕೊಂಡು ಬೆಳಕಿಗೆ ಹಿಡಿದ.

"ಚೆನ್ನಾಗ್ ಮೈ ತುಂಬ್ಕಂಡವೆ ಕಣ್ಲಾ" ಅಂದ. ಅವನ ಕಣ್ಣು ಒದ್ದೆಯಾಗಿತ್ತು. "ಗಾಳಿ ಸಾಲ್ದು, ಆ ಮೂಲೆ ಕಿಟಕಿ ತಗಿ."

ಸಂಜೆ ಅಮ್ಮನ ಹತ್ರ ಮಾತಾಡ್ತಿದ್ದ, ಜಗಲಿವರೆಗೂ ಕೇಳಿಸ್ತು. ಮಂಜೇಸ ಕಲ್ತ್ಬುಟ್ಟ ಕಣೇ ಪಿಳ್ಳಮ್ಮಾ ಅಂತ. ಎರಡು ಮುದ್ದೆ ಉಂಡ. ಅಮ್ಮ ಬಂದು ನನ್ನ ತಲೆ ಸವರಿ ಹೋದಳು. ಹೇಳಬಾರದು. ಬಿಂದು ಹೇಳಿದ್ದೇ ಸರಿ.

ಡಿಸೆಂಬರ್ 12, ಗುರುವಾರ

ಮಧ್ಯಾಹ್ನ ಆ ಕಡೆ ಕಾಲು ಕಂಡಂಗಾಯ್ತು. ಮಣ್ಣಾಗಿತ್ತು. ಅಪ್ಪ ನನ್ನ ಪಕ್ಕದಲ್ಲೇ ನಿಂತು ಸೊಪ್ಪು ಹಾಕ್ತಿದ್ದ. ಅಪ್ಪನಿಗೆ ಕಾಣಲಿಲ್ಲ.

ಡಿಸೆಂಬರ್ 14, ಶನಿವಾರ

ಇವತ್ತಿಂದು ಎಲ್ಲಾ ಬರೀತೀನಿ.

ಬೆಳಿಗ್ಗೆ ಹುಳ ಹಣ್ಣಾಗಿದ್ದವು. ಹಣ್ಣಾದ ಹುಳ ತಿನ್ನೋದು ಬಿಡುತ್ತೆ, ಮೈ ಬಂಗಾರದ ಬಣ್ಣಕ್ಕೆ ತಿರುಗುತ್ತೆ, ತಲೆ ಎತ್ತಿ ಗೂಡು ಕಟ್ಟೋಕೆ ಜಾಗ ಹುಡುಕುತ್ತೆ. ಆಗ ಅವನ್ನ ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಅಂದ್ರೆ ಬಿದಿರ ತಟ್ಟೆ ಮೇಲೆ ಸುರುಳಿ ಸುರುಳಿಯಾಗಿ ದಬ್ಬೆ ಹೆಣೆದಿರೋದು, ಆ ಸಂದಿಯಲ್ಲಿ ಕೂತು ಹುಳ ಗೂಡು ಕಟ್ಟುತ್ತೆ. ಇದು ಕಾಯೋ ಕೆಲಸ ಅಲ್ಲ. ಹೊತ್ತು ಮೀರಿದರೆ ಬಿದ್ದಲ್ಲೇ ನೂಲು ಬಿಟ್ಟು ಹಾಳಾಗ್ತವೆ. ಅದಕ್ಕೆ ಹುಳ ಹಣ್ಣಾದ ದಿನ ಅಕ್ಕಪಕ್ಕದೋರೆಲ್ಲ ಬಂದು ಕೈ ಹಾಕ್ತಾರೆ. ದೊಡ್ಡಮುನಿಯಪ್ಪ ತಾತ, ಅವನ ಮಗ ಆಂಜಿನಪ್ಪ, ಆಂಜಿನಪ್ಪನ ಹೆಂಡತಿ ಬಂದಿದ್ದರು. ಅಪ್ಪ, ಅಮ್ಮ, ಬಿಂದು, ನಾನು. ಏಳು ಜನ ಸಾಲಾಗಿ ನಿಂತು ಆರಿಸ್ತಿದ್ದೆವು.

ಅಪ್ಪ ಖುಷಿಯಾಗಿದ್ದ. ಎಷ್ಟು ದಿನ ಆಗಿತ್ತು ಅವನನ್ನ ಹಂಗೆ ನೋಡಿ. ಆಂಜಿನಪ್ಪನನ್ನ ರೇಗಿಸ್ತಿದ್ದ, "ನಿನ್ ಕೈಯೇನ್ ಕಣೋ, ಎಮ್ಮೆ ಹಾಲ್ ಕರೆಯೋ ಕೈ, ನಿಧಾನಕ್ಕೆ" ಅಂತ. ತಾತ ಒಂದು ಹುಳ ಎತ್ತಿ ತೋರಿಸಿ, "ಎಂಗಾಯ್ತು ನೋಡು ನಿನ್ ಮಗನ ಬೆಳೆ" ಅಂದ.

ಆಗ ಅಪ್ಪ ಅಂದ. "ನನ್ ಹಿರೇಮಗ ಕಣಪ್ಪ ಇವ್ನು. ಇವ್ನಂಗೆ ಶ್ರದ್ಧೆ ಅವ್ನಿಗ್ ಇದ್ದಿದ್ರೆ ಅವತ್ತು ಬೆಳೆನೂ ಉಳೀತಿತ್ತು, ಅವ್ನೂ ಉಳೀತಿದ್ದ."

ಅಮ್ಮ ತಲೆ ತಗ್ಗಿಸಿದಳು. ಆ ಕಡೆ ಯಾರೋ ಹುಳ ಆರಿಸ್ತಿದ್ದರಲ್ಲ, ಅದು ನಿಂತಿತು. ನಾವು ಏಳೂ ಜನ ಈ ಕಡೆನೇ ಇದ್ದೆವು.

"ಅಪ್ಪಾ, ಬತ್ತಿ ಹಚ್ಚಿದ್ದು ನಾನು" ಅಂದೆ.

ಅಪ್ಪ ಅರ್ಥವಾಗದೆ ನನ್ನನ್ನೇ ನೋಡಿದ.

"ಅವತ್ತು ಸೊಳ್ಳೆ ಬತ್ತಿ ಹಚ್ಚಿದ್ದು ನಾನು. ಕೆಂಪ ಸೊಪ್ಪಿಗೆ ಹೋಗಿದ್ದ. ಅವನಿಗೆ ಏನೂ ಗೊತ್ತಿರಲಿಲ್ಲ. ನೀನು ಹೊಡೆದಾಗ ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ."

ಯಾರಾದರೂ ಕಿರುಚ್ತಾರೆ, ಅಪ್ಪ ಹೊಡೀತಾನೆ, ಅಮ್ಮ ಬಿದ್ದುಬಿಡ್ತಾಳೆ ಅಂದ್ಕೊಂಡೆ. ಏನೂ ಆಗಲಿಲ್ಲ. ಹುಳ ಹಣ್ಣಾಗಿತ್ತು. ಅಪ್ಪನ ಕೈ ಮತ್ತೆ ಆರಿಸೋಕೆ ಶುರು ಮಾಡಿತು. ಅವನನ್ನ ನೋಡಿ ತಾತನೂ ಶುರು ಮಾಡಿದ, ಆಮೇಲೆ ಎಲ್ಲರೂ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಒಬ್ಬರೂ ಒಂದು ಮಾತಾಡದೆ ಕೊನೇ ಹುಳದವರೆಗೂ ಆರಿಸಿ ಚಂದ್ರಿಕೆಗೆ ಬಿಟ್ಟೆವು. ಅಮ್ಮನ ಕಣ್ಣೀರು ಕೈ ಮೇಲೆ, ಕೈಯಲ್ಲಿದ್ದ ಹುಳದ ಮೇಲೆ ಬೀಳ್ತಿತ್ತು. ಹುಳಕ್ಕೆ ನೀರು ಸೋಕಬಾರದು ಅಂತ ಸೆರಗಲ್ಲಿ ಒರೆಸಿ ಒರೆಸಿ ಬಿಡ್ತಿದ್ದಳು. ಅದನ್ನ ನೋಡೋದಕ್ಕಿಂತ ಹೊಡೆತ ತಿನ್ನೋದು ಮೇಲಾಗಿತ್ತು.

ಕೊನೇ ಚಂದ್ರಿಕೆ ಗೋಡೆಗೆ ಒರಗಿಸಿ ಅಪ್ಪ ಹೊರಗೆ ಹೋದ. ಯಾರೂ ಊಟಕ್ಕೆ ನಿಲ್ಲಲಿಲ್ಲ.

ಡಿಸೆಂಬರ್ 15, ಭಾನುವಾರ

ಬೆಳಿಗ್ಗೆ ಅಮ್ಮ ತಟ್ಟೆ ತಂದು ನನ್ನ ಮುಂದೆ ಇಟ್ಟಳು. ದಿನಾ ಇಡೋ ಹಾಗೇ, ಮುದ್ದೆ, ಅವರೆಕಾಳು ಸಾರು. ಇಟ್ಟು ಎದುರಿಗೆ ಕೂತಳು.

"ಎಲ್ಡ್ ವರ್ಷ ನನ್ ಮುಂದೆ ಕೂತ್ಕಂಡು ಉಂಡ್ಯಲ್ಲೋ ಮಂಜೇಸ. ಎಂಗೋ ಉಂಡೆ?" ಅಂದಳು.

ಬೈದಿದ್ದರೆ ಚೆನ್ನಾಗಿತ್ತು. ಅವಳು ನಿಜವಾಗಲೂ ಕೇಳ್ತಿದ್ದಳು, ಗೊತ್ತಾಗದೆ. ಗೊತ್ತಿಲ್ಲ ಕಣಮ್ಮಾ ಅಂದೆ. ಉಂಡೆ. ಉಣ್ಣದೆ ಎದ್ದಿದ್ದರೆ ಅದೂ ಒಂದು ನಾಟಕ ಆಗ್ತಿತ್ತು.

ಡಿಸೆಂಬರ್ 16, ಸೋಮವಾರ

ಚಂದ್ರಿಕೆ ತುಂಬಾ ಹುಳ ನೂಲು ಸುತ್ಕೊಳ್ತಿವೆ. ತೆಳ್ಳನೆ ಪೊರೆ ಒಳಗೆ ತಲೆ ಅತ್ತ ಇತ್ತ ಆಡೋದು ಇನ್ನೂ ಕಾಣುತ್ತೆ. ಆ ಕಡೆ ಹೋಗಿ ನೋಡಿದೆ, ಈ ಕಡೆಯಿಂದ ಕಿವಿ ಕೊಟ್ಟು ಕೇಳಿದೆ. ಯಾರೂ ಇಲ್ಲ. ಶನಿವಾರದಿಂದ ಅವನು ಬಂದೇ ಇಲ್ಲ.

ಇನ್ನೊಂದು. ಮೊನ್ನೆಯಿಂದ ನನಗೆ ಚೆನ್ನಾಗಿ ನಿದ್ದೆ ಬರ್ತಿದೆ. ಕಲ್ಲು ಬಿದ್ದಂಗೆ ಬಿದ್ಕೊಳ್ತೀನಿ. ಇದನ್ನ ಬರೆಯೋಕೆ ನಾಚಿಕೆ ಆಗುತ್ತೆ.

ಅಪ್ಪ ಇವತ್ತು ಮಾತಾಡಿದ. ತೊಟ್ಟಿ ಹತ್ರ ಮುಖ ತೊಳೀತಿದ್ದೆ, ಹಿಂದೆ ಬಂದು ನಿಂತ. ಮೂರು ದಿನಕ್ಕೆ ಹತ್ತು ವರ್ಷ ಜಾಸ್ತಿ ಆದಂಗೆ ಕಂಡ.

"ಯಾಕ್ಲಾ ಹೇಳ್ದೆ?"

"ನೀನು ಅವನನ್ನ ಬೈತಿದ್ದೆ. ಕೇಳೋಕಾಗಲಿಲ್ಲ ಅಪ್ಪಾ."

"ಎಲ್ಡ್ ವರ್ಷ ಇಟ್ಕಂಡಿದ್ಯಲ್ಲ. ನಾನ್ ಹೋಗೋಗಂಟ ಇನ್ನೊಸಿ ದಿನ ಇಟ್ಕಳಕ್ಕಾಗಾಕಿಲ್ವಾ?" ಧ್ವನಿ ಏರಿಸಲಿಲ್ಲ. "ನಾನು ಅವ್ನ್ ಮ್ಯಾಲೆ ಕ್ವಾಪ ಇಟ್ಕಂಡು ಬದುಕ್ದೆ ಕಣ್ಲಾ. ಮಗ ತಪ್ ಮಾಡ್ದ, ನಾನ್ ಹೊಡ್ದೆ, ಅವ್ನ್ ಹಣೇಲಿ ಹಂಗ್ ಬರ್ದಿತ್ತು ಅಂತ. ಆ ಕ್ವಾಪಾನೂ ಕಿತ್ಕಂಡ್ಬುಟ್ಯಲ್ಲ ನೀನು. ಈಗ ಏನ್ ಇಟ್ಕಂಡ್ ಬದುಕ್ಲಿ ಹೇಳು."

"ನನ್ನ ಮೇಲೆ ಇಟ್ಕೋ ಅಪ್ಪಾ" ಅಂದೆ.

"ನಿನ್ ಮ್ಯಾಲಾ?" ಅಂದ. ಯೋಚನೆ ಮಾಡಿದ, ನಿಜವಾಗಲೂ ಪ್ರಯತ್ನ ಪಟ್ಟ ಅನ್ಸುತ್ತೆ. "ಆಗಾಕಿಲ್ಲ ಕಣಪ್ಪ. ಉಳ್ದಿರೋನು ನೀನೊಬ್ನೇ."

ಡಿಸೆಂಬರ್ 19, ಗುರುವಾರ

ಚಂದ್ರಿಕೆಯಿಂದ ಗೂಡು ಬಿಡಿಸಿದೆವು. ತಾತ ಒಂದನ್ನ ಕಿವಿ ಹತ್ರ ಹಿಡಿದು ಆಡಿಸಿ, ಗಟ್ಟಿ ಗೂಡು, ನಿಮ್ಮಪ್ಪನ ಕಾಲದ್ದು ಬಂದಂಗ್ ಬಂದದೆ ಅಂದ. ಅಪ್ಪ ಬರಲಿಲ್ಲ. ಬಿಂದು ನನ್ನ ಜೊತೆ ಸಂಜೆವರೆಗೂ ಕೂತು ಬಿಡಿಸಿದಳು. ಬಡ್ಕೊಂಡೆ ನಿಮಗೆ ಹೇಳ್ಬೇಡಿ ಅಂತ ಅಂದಳು ಒಂದು ಸಲ. ಇನ್ನೊಂದು ಸಲ, ಹೇಳದೆ ಇದ್ದಿದ್ರೆ ನಿಮ್ಮ ಜೊತೆ ಬಾಳೋಕೆ ಆಗ್ತಿರಲಿಲ್ಲ ಅಂದಳು. ಎರಡೂ ನಿಜ.

ಗೂಡನ್ನ ನಾಳೆ ವಿಜಯಪುರದ ಮಾರ್ಕೆಟ್ಟಿಗೆ ಹಾಕಬೇಕು.

ಡಿಸೆಂಬರ್ 21, ಶನಿವಾರ

ಇವತ್ತು ಬೆಳಿಗ್ಗೆ ಅಪ್ಪ ತೋಟದಿಂದ ಬಂದು ಜಗಲಿ ಮೇಲೆ ನನ್ನ ಪಕ್ಕದಲ್ಲಿ ಕೂತ. ತೋಟದ ಮೂಡಲ ಮೂಲೆಯಲ್ಲಿ ಕೆಂಪರಾಜನ್ನ ಮಣ್ಣು ಮಾಡಿದ್ದೀವಿ. ಆ ಕಡೆಗೆ ಅಪ್ಪ ಎರಡು ವರ್ಷದಲ್ಲಿ ಒಂದು ಸಲಾನೂ ಹೋಗಿರಲಿಲ್ಲ, ತಿಥಿಗೂ ಹೋಗಿರಲಿಲ್ಲ.

"ಅವ್ನ್ ತಾವ ಹೋಗಿದ್ದೆ. ನಾಕ್ ದಿನದಿಂದ ಹೋಯ್ತಾ ಇವ್ನಿ" ಅಂದ. "ಎಲ್ಲಾ ಹೇಳ್ದೆ. ನಿಮ್ಮಣ್ಣ ಒಪ್ಕಂಡವ್ನೆ ಕಣಪ್ಪಾ, ತಪ್ಪು ನಂದು, ಕಣ್ಣಿಗ್ ಕಾಣಿಸ್ಕೋಬ್ಯಾಡ ಅಂದಿದ್ದು ನಂದೇ ತಪ್ಪು, ಬಂದ್ಬುಡು ಅಂದೆ."

ನಾನು ಅವನ ಕಡೆ ತಿರುಗಿ ಕೂತೆ.

"ಏನೂ ಅನ್ನಾಕಿಲ್ಲ ಅವ್ನು" ಅಂದ. ಎಳೇ ಮಗು ದೂರು ಹೇಳಿದಂಗೆ ಹೇಳಿದ. ಆಮೇಲೆ ಹುಳದ ಮನೆ ಕಡೆ ನೋಡಿ, "ಹುಳದ ಮನೇಲಿ ಇಷ್ಟ್ ದಿನ ಒಬ್ನೇ ಇದ್ಯಲ್ಲ. ನಿನ್ ತಾವ ಏನಾರಾ ಅಂದ್ನಾ?"

ಇಲ್ಲ ಅಂತ ಅನ್ನಬಹುದಿತ್ತು. ತಿಂಗಳ ಹಿಂದೆ ಆಗಿದ್ದರೆ ಅಂದುಬಿಡ್ತಿದ್ದೆ, ನಾಲಿಗೆ ತಡವರಿಸ್ತಾನೂ ಇರಲಿಲ್ಲ. ಈಗ ಸುಳ್ಳು ಬಾಯಿಗೆ ಬರಲ್ಲ. ಬಂದಿದ್ದರೇ ಚೆನ್ನಾಗಿತ್ತೇನೋ.

"ಮಾತಾಡಲಿಲ್ಲ ಅಪ್ಪಾ. ಸ್ಟ್ಯಾಂಡಿನ ಆ ಕಡೆ ನಿಂತು ಸೊಪ್ಪು ಹಾಕ್ತಿದ್ದ, ಅಷ್ಟೇ. ಈಗ ಬರ್ತಿಲ್ಲ" ಅಂದೆ.

ಅಪ್ಪ ನನ್ನನ್ನ ನೋಡಿದ. ಹುಚ್ಚು ಅನ್ನಲಿಲ್ಲ. ಎದ್ದು ಬಚ್ಚಲಿಗೆ ಹೋಗಿ ತಣ್ಣೀರು ಸುರ್ಕೊಂಡ. ಒಗೆದ ಪಂಚೆ ಉಟ್ಟು, ತೋಟಕ್ಕೆ ಹೋಗಿ ಒಂದು ಹೊರೆ ಕಡ್ಡಿ ಕುಯ್ಕೊಂಡು ಬಂದ. "ಇನ್ ಮ್ಯಾಕೆ ನೀನ್ ಒಳಕ್ ಬರ್ಬ್ಯಾಡ, ನೀನಿದ್ರೆ ಅವ್ನ್ ಬರಾಕಿಲ್ಲ" ಅಂತ ಹೇಳಿ ಹುಳದ ಮನೆ ಬಾಗಿಲು ಹಾಕ್ಕೊಂಡ.

ಎರಡು ಗಂಟೆಗೆ ಕಿಟಕಿಯಿಂದ ನೋಡಿದೆ. ಒಳಗೆ ಒಂದು ಹುಳಾನೂ ಇಲ್ಲ. ಅಪ್ಪ ಖಾಲಿ ಸ್ಟ್ಯಾಂಡಿನ ಮೇಲೆ ಒಂದು ಹಿಡಿ ಸೊಪ್ಪು ಹಾಕ್ತಾನೆ, ನಿಂತು ಕೇಳಿಸ್ಕೊಳ್ತಾನೆ, ಇನ್ನೊಂದು ಹಿಡಿ ಹಾಕ್ತಾನೆ. ಅಮ್ಮ ಮೂರು ಸಲ ಊಟಕ್ಕೆ ಕರೆದಳು, ಈಗ ಬಾಗಿಲ ಹೊರಗೆ ತಟ್ಟೆ ಇಟ್ಕೊಂಡು ಕೂತಿದ್ದಾಳೆ.